ಉಡಾಳ ಹುಡುಗರ ಕಲ್ಯಾಣ

ಬಸವಕಲ್ಯಾಣ, ಹುಮನಾಬಾದುಗಳ ಕಡೆ ‘ಉಡಾಳ’ ಎಂದು ಒಂದು ಮಾತಿದೆ. ಮೈಸೂರು, ಬೆಂಗಳೂರುಗಳ ಓದುಗರು ಅದನ್ನು ‘ಪೋಲಿ’ ಎಂದು ತಿಳಿದುಕೊಂಡರೆ ಮುಕ್ಕಾಲು ಪಾಲು ಅರ್ಥವಾದಂತೆಯೇ. ಶಾಲೆಗೆ ಹೋಗೆಂದರೆ ಹೋಗದವನು, ಹೋದರೂ ಓದದವನು, ಹಿರಿಯರಿಗೆ ಎದುರಾಡುವವನು, ಕೈಗೆ ಸಿಕ್ಕ ಹಣವನ್ನು ಹಾರಿಸುವವನು, ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುವವನು, ಇವರೆಲ್ಲರೂ ಈ ಒಂದೇ ಮಾತಿನ ಛತ್ರದಲ್ಲಿ ಇಳಿದುಕೊಳ್ಳುತ್ತಾರೆ. ಮಾತು ಚಿಕ್ಕದು, ಅದು ಮಾಡುವ ಕೆಲಸ ದೊಡ್ಡದು. ನೋಡುವುದಕ್ಕೆ ಅದು ವರ್ಣನೆಯಂತಿದ್ದರೂ ವಾಸ್ತವವಾಗಿ ತೀರ್ಪು. ಒಂದು ಸಲ ಹುಡುಗನಿಗೆ ಈ ಹೆಸರು ಅಂಟಿತೆಂದರೆ, ಮುಂದೆ ಅವನ ವಿಷಯದಲ್ಲಿ ‘ಏಕೆ’ ಎಂದು ಕೇಳುವ ಶ್ರಮವನ್ನು ಯಾರೂ ತೆಗೆದುಕೊಳ್ಳಬೇಕಾಗಿಲ್ಲ.

ಆ ‘ಏಕೆ’ಯನ್ನು ಕೇಳಲೇಬೇಕೆಂಬುದು ಈ ಲೇಖನದ ಹಟ. ಕೇಳಿದರೆ ಅನೇಕ ಸಲ ಸಿಗುವ ಉತ್ತರ ಇದು: ಆ ಮನೆಯಲ್ಲಿ ಒಂದು ಸಾವಾಗಿದೆ, ಆ ಸಾವಿಗಾಗಿ ಹುಡುಗನು ಅಳಬೇಕಾದಷ್ಟು ಅತ್ತಿಲ್ಲ. ಅಂಥವನನ್ನು ದಾರಿಗೆ ತರುವ ಶಕ್ತಿ ಬೆತ್ತಕ್ಕಿಲ್ಲ, ಹಾಸ್ಟೆಲಿಗಿಲ್ಲ, ಹೊಸ ಮೊಬೈಲಿಗೂ ಇಲ್ಲ. ಅವನನ್ನು ಬಿಟ್ಟುಹೋಗದ ಒಬ್ಬ ಮನುಷ್ಯನಿಗೆ ಮಾತ್ರ ಇದೆ. ಇದಕ್ಕೆ ಪ್ರೀತಿಯೆಂದು ಹೆಸರಿಟ್ಟರೆ ನಗುವವರುಂಟು. ನಗಲಿ, ನಕ್ಕ ಮೇಲೆ ಸ್ವಲ್ಪ ಲೆಕ್ಕವನ್ನೂ ನೋಡಲಿ.

ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಅವನಿಗೆ ಹೆಸರು ಬೇಡ. ಎರಡೂ ತಾಲ್ಲೂಕುಗಳಲ್ಲಿ ಅಂಥವರು ಸಿಗುತ್ತಾರೆ. ವಯಸ್ಸು ಹದಿನಾಲ್ಕು. ತಂದೆ ಲಾರಿ ಚಾಲಕ. ಪುಣೆಯಿಂದ ಸೊಲ್ಲಾಪುರ, ಹುಮನಾಬಾದುಗಳ ಮೇಲೆ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ರಾತ್ರಿ ಹೋದವನು ಮರಳಲಿಲ್ಲ. ಹದಿಮೂರು ದಿನ ಮನೆಯ ತುಂಬ ಜನ. ಹುಡುಗನ ತಲೆ ಸವರದ ಕೈಯಿಲ್ಲ. ‘ಇನ್ನು ನೀನೇ ಮನೆಯ ಗಂಡಸು, ಅಳಬಾರದು, ತಾಯಿಯನ್ನು ನೋಡಿಕೊಳ್ಳಬೇಕು’ ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಹದಿನಾಲ್ಕನೆಯ ದಿನ ಮನೆ ಬರಿದಾಯಿತು. ಆರು ತಿಂಗಳಲ್ಲಿ, ತರಗತಿಯ ಮೊದಲ ಹತ್ತರಲ್ಲಿದ್ದವನು ಹಿಂದಿನ ಬೆಂಚಿಗೆ ಇಳಿದ. ವರ್ಷ ತುಂಬುವುದರೊಳಗೆ ಗ್ಯಾರೇಜಿನ ಮುಂದೆ ಗುಟಕಾ ಅಗಿಯುತ್ತ ನಿಂತವನನ್ನು ಊರು ಕಂಡಿತು. ತಾಯಿಯ ಡಬ್ಬಿಯಿಂದ ಹಣ ಹೋಯಿತು. ಮಾಸ್ತರರು ಬೈದಾಗ ಹುಡುಗ ತಲೆ ತಗ್ಗಿಸದೆ ನೋಡಿದ. ಆ ನೋಟವೇ ಅಪರಾಧವಾಯಿತು. ಈಗ ಅವನು ಉಡಾಳ. ತಂದೆ ತೀರಿಕೊಂಡದ್ದು ಊರಿಗೆ ಗೊತ್ತು. ಹುಡುಗ ಕೆಟ್ಟದ್ದೂ ಗೊತ್ತು. ಈ ಎರಡು ಸಂಗತಿಗಳ ನಡುವೆ ಒಂದು ಗೆರೆ ಎಳೆಯಬೇಕೆಂದು ಮಾತ್ರ ಯಾರಿಗೂ ತೋಚುವುದಿಲ್ಲ.

ದೊಡ್ಡವರ ದುಃಖಕ್ಕೆ ನಮ್ಮ ಸಮಾಜ ಒಂದು ಅಂಗಳವನ್ನು ಬಿಟ್ಟಿದೆ. ಗಂಡನನ್ನು ಕಳೆದುಕೊಂಡವಳು ಅಳಬಹುದು. ಮುದುಕರು ಕಟ್ಟೆಯ ಮೇಲೆ ಕೂತು ಸತ್ತವನ ಗುಣಗಳನ್ನು ಎಣಿಸಬಹುದು. ಎಳೆಯ ಕೂಸನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ. ನಡುವೆ ಸಿಕ್ಕಿಬಿದ್ದವನು ಹದಿಮೂರರಿಂದ ಹದಿನೆಂಟರ ಹುಡುಗ. ಎತ್ತಿಕೊಳ್ಳುವುದಕ್ಕೆ ಅವನು ದೊಡ್ಡವನು. ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡುವುದಕ್ಕೆ ಚಿಕ್ಕವನು. ಅವನ ದುಃಖಕ್ಕೆ ಬಾಗಿಲೇ ಇಲ್ಲದ್ದರಿಂದ ಅದು ಗೋಡೆ ಒಡೆದು ಹೊರಗೆ ಬರುತ್ತದೆ. ಕಣ್ಣೀರಾಗಿ ಬರಬೇಕಾದದ್ದು ಸಿಟ್ಟಾಗಿ ಬರುತ್ತದೆ, ಮೌನವಾಗಿ ಬರುತ್ತದೆ, ಹಗಲು ನಿದ್ದೆಯಾಗಿ, ಪುಸ್ತಕದ ಮೇಲಿನ ಜಿಗುಪ್ಸೆಯಾಗಿ, ಬೈಕಿನ ವೇಗವಾಗಿ ಬರುತ್ತದೆ. ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದ ವೈದ್ಯರಿಗೆ ಇದು ಹೊಸ ಮಾತಲ್ಲ. ಮಿದುಳಿನಲ್ಲಿ ಭಾವದ ಕೆರಳಿಕೆಗೆ ಸಂಬಂಧಿಸಿದ ಭಾಗಗಳು ಹದಿಹರೆಯದಲ್ಲಿ ಬೇಗ ಚುರುಕಾಗುತ್ತವೆ. ಹಿಂದುಮುಂದು ನೋಡಿ ಕಡಿವಾಣ ಹಾಕುವ ಮುಂಭಾಗವು ಪಕ್ವವಾಗಲು ಇಪ್ಪತ್ತು ದಾಟಬೇಕು. ಕುದುರೆ ಬಲಿತಿದೆ, ಸವಾರ ಇನ್ನೂ ಕಲಿಯುತ್ತಿದ್ದಾನೆ. ಅಂಥ ಹೊತ್ತಿನಲ್ಲಿ ಹಾದಿಯಲ್ಲಿ ಸಿಡಿಲು ಬಿದ್ದರೆ ಕುದುರೆ ಎತ್ತ ಓಡೀತು?

ಇಲ್ಲಿ ನಮ್ಮ ಹಿರಿಯರ ಪಕ್ಷ ಎದ್ದು ನಿಲ್ಲುತ್ತದೆ. ‘ದಂಡಂ ದಶಗುಣಂ’ ಎಂಬುದು ಅವರ ಘೋಷಣೆ. ನಾಲ್ಕು ಏಟು ಬಿದ್ದರೆ ಸರಿಹೋಗುತ್ತಾನೆ; ಹೆದರಿಕೆ ಇರಬೇಕು; ಈಗಿನ ಮಕ್ಕಳಿಗೆ ಹೆದರಿಕೆ ಎಂಬುದೇ ಇಲ್ಲ. ಶಾಲೆಯಲ್ಲಿ ಬೆತ್ತವನ್ನು ಕಾನೂನು ಕಸಿದುಕೊಂಡದ್ದೇ ಕೆಡುಕಿಗೆ ಮೂಲವೆಂದು ವಾದಿಸುವವರು ಇವರಲ್ಲಿ ಬಹಳ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳ ಮೇಲಿನ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೊದಲನೆಯದಕ್ಕೆ ಅಂಜಿ ಬೆತ್ತವನ್ನು ಬೀರುವಿನಲ್ಲಿಟ್ಟವರು ಎರಡನೆಯದನ್ನು ಓದಿಯೇ ಇಲ್ಲವೆಂದು ತೋರುತ್ತದೆ. ‘ನಿಮ್ಮಪ್ಪ ಇದ್ದಿದ್ದರೆ ನೀನು ಹೀಗಾಗುತ್ತಿರಲಿಲ್ಲ’ ಎಂದು ಇಡೀ ತರಗತಿಯ ಮುಂದೆ ಹೇಳುವುದಕ್ಕೆ ಬೆತ್ತ ಬೇಕಾಗಿಲ್ಲ. ಆ ಮಾತಿನ ಬಾಸುಂಡೆ ಮೈಮೇಲೆ ಏಳುವುದೂ ಇಲ್ಲ.

ಹೆದರಿಕೆಯ ಔಷಧವನ್ನು ಜಗತ್ತು ಪರೀಕ್ಷಿಸಿ ನೋಡಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ, ರಾವೇ ಎಂಬಲ್ಲಿನ ಸೆರೆಮನೆಯಲ್ಲಿ 1970ರ ದಶಕದಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ದಾರಿ ತಪ್ಪುತ್ತಿದ್ದ ಹುಡುಗರನ್ನು ಸೆರೆಮನೆಯೊಳಕ್ಕೆ ಕರೆದೊಯ್ದು, ದೀರ್ಘ ಶಿಕ್ಷೆ ಅನುಭವಿಸುತ್ತಿರುವ ಕೈದಿಗಳಿಂದ ಗದರಿಸಿ ಬೆದರಿಸುವುದು ಅದರ ಕ್ರಮ. ಸಿನಿಮಾ ಆಯಿತು, ಹೆಸರು ಬಂತು, ಬೇರೆ ಊರುಗಳೂ ಅನುಕರಿಸಿದವು. ಮುಂದೆ ವಿದ್ವಾಂಸರು ಇಂಥ 9 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ 2002ರಲ್ಲಿ ಫಲಿತಾಂಶವನ್ನು ಮುಂದಿಟ್ಟರು. ಬೆದರಿಸಲ್ಪಟ್ಟ ಹುಡುಗರು, ಏನೂ ಮಾಡದೆ ಬಿಟ್ಟ ಹುಡುಗರಿಗಿಂತ ಹೆಚ್ಚು ಅಪರಾಧ ಮಾಡಿದ್ದರು! ಸುಮ್ಮನಿದ್ದಿದ್ದರೇ ವಾಸಿಯಾಗಿತ್ತು. ನಾಲ್ಕು ಏಟಿನ ಪಕ್ಷದವರು ಈ ಫಲಿತಾಂಶವನ್ನು ಒಮ್ಮೆ ನಿಧಾನವಾಗಿ ಓದಬೇಕು.

‘ನಾವೂ ಏಟು ತಿಂದೇ ಬೆಳೆದವರು, ನಾವೇನು ಕೆಟ್ಟೆವೇ?’ ಎಂಬುದು ಅವರ ಎರಡನೆಯ ಅಸ್ತ್ರ. ಇದಕ್ಕೆ ಉತ್ತರ ಎರಡು. ಏಟು ತಿಂದು ಬಾಳಿದವರು ಇಂದು ಪಡಸಾಲೆಯಲ್ಲಿ ಕೂತು ಸಾಕ್ಷಿ ಹೇಳುತ್ತಾರೆ. ಏಟು ತಿಂದು ಮನೆ ಬಿಟ್ಟು ಮುಂಬಯಿಯ ರೈಲು ಹತ್ತಿದವರು, ಕುಡಿತಕ್ಕೆ ಬಿದ್ದವರು, ಬಾವಿಗೆ ಬಿದ್ದವರು ಸಾಕ್ಷಿ ಹೇಳಲು ಪಡಸಾಲೆಗೆ ಬರುವುದಿಲ್ಲ. ಗೆದ್ದವರನ್ನಷ್ಟೇ ಕೇಳಿ ಯುದ್ಧ ಒಳ್ಳೆಯದೆಂದು ನಿರ್ಣಯಿಸಿದಂತಾಯಿತು. ಇನ್ನೊಂದು ಉತ್ತರ ಇದು: ಹಾಗೆ ಹೇಳುವ ಹಿರಿಯರನ್ನು ಸ್ವಲ್ಪ ಕೆದಕಿ ನೋಡಿ. ತಂದೆಯ ಏಟಿನ ಕತೆ ಮುಗಿಯುವ ಹೊತ್ತಿಗೆ, ಅಂದು ರಾತ್ರಿ ಕದ್ದು ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟ ಅಜ್ಜಿಯೊಬ್ಬಳು ಕತೆಯೊಳಕ್ಕೆ ಬಂದೇ ಬರುತ್ತಾಳೆ. ಅವರನ್ನು ಬದುಕಿಸಿದವಳು ಅಜ್ಜಿ. ಕೀರ್ತಿ ಮಾತ್ರ ಬೆತ್ತಕ್ಕೆ ಹೋಯಿತು.

ಬೇರೆ ಯಾವ ಊರಿನವರು ಬೆತ್ತದ ಪರವಾಗಿ ವಾದಿಸಿದರೂ ಕ್ಷಮಿಸಬಹುದೇನೋ. ಬಸವಕಲ್ಯಾಣ, ಹುಮನಾಬಾದುಗಳವರಿಗೆ ಆ ಹಕ್ಕಿಲ್ಲ. ಈ ಎರಡೂ ಊರುಗಳು ಕೈಮುಗಿಯುವ ಮಹನೀಯರ ಬಾಲ್ಯವನ್ನು ತೆಗೆದು ನೋಡಿದರೆ ನನ್ನ ಮಾತಿನ ಅರ್ಥವಾಗುತ್ತದೆ.

ಬಸವಣ್ಣನವರ ಬಾಲ್ಯದ ಬಗ್ಗೆ ಹಳೆಯ ಕಾವ್ಯಗಳು ಒಂದೇ ಕತೆಯನ್ನು ಹೇಳುವುದಿಲ್ಲ. ಅವುಗಳಲ್ಲಿ ಬಹು ಹಳೆಯದಾದ ಹರಿಹರನ ರಗಳೆಯ ಪ್ರಕಾರ, ಅವರು ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡರು. ಅಜ್ಜಿಯ ಕೈಯಲ್ಲಿ ಬೆಳೆದರು. ಹದಿನಾರರ ಆಸುಪಾಸಿನಲ್ಲಿ ಜನಿವಾರವನ್ನು ಕಿತ್ತೆಸೆದು, ಬಾಗೇವಾಡಿಯ ಮನೆಮಠ, ಬಂಧುಬಳಗಗಳನ್ನು ತೊರೆದು ನಡೆದುಬಿಟ್ಟರು. ಭಕ್ತಿಯ ಕನ್ನಡಕವನ್ನು ಒಂದು ಗಳಿಗೆ ತೆಗೆದಿಟ್ಟು ಬಾಗೇವಾಡಿಯ ಬಂಧುಗಳ ಕಣ್ಣಿನಿಂದ ನೋಡಿ. ತಬ್ಬಲಿ ಹುಡುಗ, ಸಾಕಿದವರ ಮಾತು ಕೇಳದವನು, ಕುಲಾಚಾರವನ್ನು ಮುರಿದವನು, ಹೇಳದೆ ಕೇಳದೆ ಮನೆ ಬಿಟ್ಟವನು. ಇದಕ್ಕಿಂತ ದೊಡ್ಡ ಉಡಾಳತನ ಆ ಅಗ್ರಹಾರಕ್ಕೆ ಕಂಡಿತ್ತೇ?

ಆ ಹುಡುಗನು ಸಂಗಮಕ್ಕೆ ಬಂದು ನಿಂತಾಗ ಅಲ್ಲಿನ ಸ್ಥಾನಪತಿಯಾಗಿದ್ದ ಈಶಾನ್ಯ ಗುರುಗಳು ಮಾಡಿದ್ದೇನು? ‘ಮನೆಗೆ ಹೋಗಿ ಹಿರಿಯರ ಕ್ಷಮೆ ಕೇಳಿ ಬಾ’ ಎಂದು ಅಟ್ಟಲಿಲ್ಲ. ಆದರಿಸಿದರು, ಇರುವುದಕ್ಕೆ ನೆಲೆ ಕೊಟ್ಟರು, ಸಂಗಮನಾಥನ ಪೂಜೆಯಲ್ಲಿ ತೊಡಗಿಸಿದರು. ನೆಲೆ, ಅನ್ನ, ಕೆಲಸ ಮತ್ತು ಒಬ್ಬ ಹಿರಿಯನ ವಿಶ್ವಾಸ, ಇಷ್ಟು ಸಿಕ್ಕಿದ್ದು ಒಬ್ಬ ತಬ್ಬಲಿಗೆ. ಹರಿಹರನು ಚಿತ್ರಿಸುವಂತೆ, ಮುಂದೆ ಸಂಗಮವನ್ನು ಬಿಟ್ಟು ಬಿಜ್ಜಳನ ಮಂಗಳವಾಡಕ್ಕೆ ಹೊರಡಬೇಕಾಗಿ ಬಂದಾಗ ಅವರಿಗೆ ಆ ಅಗಲಿಕೆಯನ್ನು ತಾಳುವುದೇ ಕಷ್ಟವಾಯಿತು. ಬಾಗೇವಾಡಿಯನ್ನು ಒಂದೇಟಿಗೆ ತೊರೆದು ಬಂದವರು ಸಂಗಮವನ್ನು ಅಗಲಲಾರದೆ ಅತ್ತರು. ಎಲ್ಲಿ ಪ್ರೀತಿ ಸಿಕ್ಕಿತ್ತೆಂಬುದಕ್ಕೆ ಬೇರೆ ಸಾಕ್ಷಿ ಏಕೆ? ಕಲ್ಯಾಣದ ಮಹಾಮನೆಯಲ್ಲಿ, ಊರು ಹೊರಗಿಟ್ಟವರನ್ನೆಲ್ಲ ಮುಂದೆ ಅವರು ‘ನಮ್ಮವರು’ ಎಂದು ಒಳಗೆ ಕರೆದುಕೊಂಡರು. ಆ ವಿದ್ಯೆಯನ್ನು ಅವರು ಶಾಸ್ತ್ರದಿಂದಷ್ಟೇ ಕಲಿತರೆಂದು ನಾನು ನಂಬಲಾರೆ. ಹೊರಗೆ ನಿಂತವನನ್ನು ಒಳಗೆ ಕರೆದರೆ ಏನಾಗುತ್ತದೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಕಲ್ಯಾಣಕ್ಕೆ ಮುಂದೆ ಬಂದು ಸೇರಿದ ಸೊನ್ನಲಿಗೆಯ ಸಿದ್ಧರಾಮನ ಕತೆ ಇನ್ನೂ ಕರುಣವಾದದ್ದು. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಅದೇ ಹೆದ್ದಾರಿಯ ಮೇಲಿನ ಊರು. ರಾಘವಾಂಕನು ಹಾಡಿರುವಂತೆ ಅವನು ದನಕಾಯುವ ಮುಗ್ಧ ಹುಡುಗ. ಊರವರ ಲೆಕ್ಕದಲ್ಲಿ ದಡ್ಡ. ಹೊಲದಲ್ಲಿ ಕಾಣಿಸಿಕೊಂಡ ಮಲ್ಲಯ್ಯನೆಂಬ ಜಂಗಮನು ಅವನೊಡನೆ ಅಕ್ಕರೆಯಿಂದ ಮಾತನಾಡಿದ. ಊಟ ತರುತ್ತೇನೆಂದು ಮನೆಗೆ ಓಡಿದ ಹುಡುಗ ಮರಳಿ ಬರುವಷ್ಟರಲ್ಲಿ ಆತ ಇಲ್ಲ. ಹೆಸರು ಹಿಡಿದು ಕೂಗುತ್ತ, ಅಳುತ್ತ, ಯಾತ್ರಿಕರ ಬೆನ್ನು ಹತ್ತಿ ಶ್ರೀಶೈಲದವರೆಗೆ ಹೋದ. ಅಲ್ಲಿಯೂ ಕಾಣದಿದ್ದಾಗ ಕಮರಿಗೆ ಹಾರಲು ಹೊರಟ. ಆಗ ಮಲ್ಲಿಕಾರ್ಜುನನೇ ಬಂದು ಕೈಹಿಡಿದನಂತೆ. ಎಂಟು ಶತಮಾನಗಳ ಹಿಂದೆಯೇ ನಮ್ಮ ಕವಿಗೆ ಗೊತ್ತಿತ್ತು: ತನ್ನನ್ನು ಅಕ್ಕರೆಯಿಂದ ಕಂಡ ಒಬ್ಬನೇ ಒಬ್ಬನು ಕಣ್ಮರೆಯಾದರೆ ಹುಡುಗ ಕಮರಿಯ ಅಂಚಿಗೆ ಹೋಗುತ್ತಾನೆ, ಅಲ್ಲಿ ಅವನಿಗೆ ಬೇಕಾದದ್ದು ಉಪದೇಶವಲ್ಲ, ಕೈ. ಆ ಕೈ ಸಿಕ್ಕಿದ ಹುಡುಗನೇ ಮುಂದೆ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಕರ್ಮಯೋಗಿ.

ಇನ್ನು ಹುಮನಾಬಾದು. ಊರ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಮಾಧಿ ಇದೆ. ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ, ಸಮಾಧಿಸ್ಥರಾದದ್ದು 1865ರಲ್ಲಿ. ಅವರ ಚರಿತ್ರೆಯನ್ನು ಹೇಳುವವರ ಮಾತಿನಂತೆ, ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳೊಡನೆ ಕಲ್ಯಾಣದಲ್ಲಿದ್ದ ಅಣ್ಣನ ಮನೆ ಸೇರಿದಳು. ಹುಡುಗನಿಗೆ ಶಾಲೆ ಹಿಡಿಸಲಿಲ್ಲ, ಕಾಡುಮೇಡು ಅಲೆದ, ಜಾತಿಯ ಹಂಗಿಲ್ಲದೆ ಎಲ್ಲ ಮಕ್ಕಳೊಡನೆ ಬೆರೆತ. ಸೋದರಮಾವನಿಗೆ ಚಿಂತೆ ಹತ್ತಿತು, ಚಿಂತೆ ಸಿಟ್ಟಾಯಿತು, ಒಂದು ದಿನ ಗದರಿದ. ಹುಡುಗ ಮನೆ ಬಿಟ್ಟ. ಭಕ್ತರಿಗೆ ಇದೆಲ್ಲ ಲೀಲೆ. ಅವರ ನಂಬಿಕೆಗೆ ನಾನು ಕೈಹಾಕುವುದಿಲ್ಲ. ಆದರೆ ಅಂದು ಆ ಮನೆಯಲ್ಲಿ ಅದು ಲೀಲೆಯಾಗಿ ಕಂಡಿರಲಿಲ್ಲವೆಂಬುದು ಖಂಡಿತ. ಸೋದರಮಾವ ಕೆಟ್ಟವನಲ್ಲ. ತಂಗಿಯ ಮಕ್ಕಳಿಗೆ ಅನ್ನ ಹಾಕಿದ, ಹುಡುಗನಿಗೊಂದು ದಾರಿಯಾಗಲೆಂದು ಬಯಸಿದ. ಇಂದಿನ ಯಾವ ಜವಾಬ್ದಾರಿಯುತ ಗೃಹಸ್ಥನೂ ಮಾಡುವುದನ್ನೇ ಮಾಡಿದ. ಮನೆ ತೊರೆದ ಆ ಹುಡುಗನೇ ಮುಂದೆ ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿ, ಹಿಂದೂ ಮುಸಲ್ಮಾನರೆನ್ನದೆ ಬಂದವರನ್ನೆಲ್ಲ ಒಂದೇ ಕಣ್ಣಿನಿಂದ ಕಂಡ. ತಾಯಿಯೂ ಅಣ್ಣತಮ್ಮಂದಿರೂ ಮಾಣಿಕನಗರಕ್ಕೆ ಬಂದು ಅವನೊಡನೆ ನೆಲೆಸಿದರು.

ಬಸ್ಸಿನಲ್ಲಿ ಒಂದು ಗಂಟೆಯಷ್ಟು ದೂರದ ಈ ಎರಡು ಊರುಗಳು ಇಂಥ ಹುಡುಗರ ಹೆಸರಿನಲ್ಲಿ ತೇರು ಎಳೆಯುತ್ತವೆ, ಜಯಂತಿ ಮಾಡುತ್ತವೆ. ತೇರು ನೋಡಲು ಬಂದ ಜನರ ನಡುವೆಯೇ ತಂದೆ ಸತ್ತು, ಶಾಲೆ ಬಿಟ್ಟು, ಸೋದರಮಾವನ ಬೈಗುಳ ತಿಂದು ನಿಂತ ಹುಡುಗನಿರುತ್ತಾನೆ. ಅವನನ್ನು ಕಂಡರೆ, ‘ಪರ್ಸು ಭದ್ರ’ ಎನ್ನುತ್ತೇವೆ.

‘ಅವರು ಮಹಾಪುರುಷರು, ಊರಿನ ಎಲ್ಲ ಪೋಲಿಗಳೂ ಬಸವಣ್ಣರಾಗುತ್ತಾರೆಯೇ?’ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಒಳ್ಳೆಯ ಮೆಕ್ಯಾನಿಕ್ ಆದರೆ ಸಾಕು, ಹೆಂಡತಿಯನ್ನು ಹೊಡೆಯದ ಗಂಡನಾದರೆ ಸಾಕು, ತೊಗರಿಯ ಹೊಲವನ್ನು ನೆಟ್ಟಗೆ ನೋಡಿಕೊಂಡರೆ ಸಾಕು. ಸಾಮಾನ್ಯ ಮಕ್ಕಳ ವಿಷಯದಲ್ಲಿಯೇ ಪ್ರಮಾಣ ಬೇಕೆಂದರೆ ಅದೂ ಇದೆ. ಲಂಡನ್ನಿನ ಜಾನ್ ಬೌಲ್ಬಿ ಎಂಬ ವೈದ್ಯ, ತನ್ನ ಚಿಕಿತ್ಸಾಲಯಕ್ಕೆ ಬಂದ 44 ಮಂದಿ ಎಳೆಯ ಕಳ್ಳರನ್ನು ಅಭ್ಯಾಸ ಮಾಡಿ 1944ರಲ್ಲಿ ಪ್ರಕಟಿಸಿದ. ಅವರಲ್ಲಿ 14 ಮಂದಿ ಯಾರ ಮೇಲೂ ಮಮತೆಯೇ ಇಲ್ಲದಂತಿದ್ದರು. ಆ 14ರಲ್ಲಿ 12 ಮಂದಿ ಎಳವೆಯಲ್ಲೇ ದೀರ್ಘಕಾಲ ತಾಯಿಯಿಂದ ಅಗಲಿದ್ದವರು. ಸಂಖ್ಯೆ ಚಿಕ್ಕದು, ವಿಧಾನದಲ್ಲಿ ಕೊರತೆಗಳಿವೆಯೆಂದು ಮುಂದಿನವರು ತೋರಿಸಿದ್ದಾರೆ. ಆದರೂ ಕಳ್ಳತನವನ್ನು ನೋಡುವಾಗ ಕಳೆದುಕೊಂಡದ್ದನ್ನೂ ನೋಡಬೇಕೆಂಬ ಪಾಠವನ್ನು ಅದು ಜಗತ್ತಿಗೆ ಕಲಿಸಿತು.

ಇನ್ನೊಂದು ಅಭ್ಯಾಸ ಹವಾಯಿಯ ಕವಾಯಿ ದ್ವೀಪದ್ದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ನಲವತ್ತು ವರ್ಷ ತುಂಬುವವರೆಗೂ ಬಿಡದೆ ಅನುಸರಿಸಿದರು. ಬಡತನ, ಮನೆಯ ಕಲಹ, ತಂದೆತಾಯಿಗಳ ಕುಡಿತ ಅಥವಾ ಮನೋರೋಗ ಮೊದಲಾದ ಹಲವು ಕಷ್ಟಗಳನ್ನು ಒಟ್ಟಿಗೆ ಹೊತ್ತ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ, ಇತರರ ಮೇಲೆ ಮಮತೆಯುಳ್ಳವರಾಗಿ ಬೆಳೆದರು. ಅವರನ್ನು ಕಾಪಾಡಿದ ಸಂಗತಿಗಳಲ್ಲಿ ಮುಖ್ಯವಾದದ್ದು ಸ್ಥಿರ ಮನಸ್ಸಿನ ಕಡೆಯಪಕ್ಷ ಒಬ್ಬ ವ್ಯಕ್ತಿಯೊಡನೆ ಗಟ್ಟಿಯಾದ ನಂಟು. ಆ ಒಬ್ಬರು ತಾಯಿತಂದೆಯೇ ಆಗಿರಬೇಕಾಗಿರಲಿಲ್ಲ. ಅಜ್ಜಿ, ಅತ್ತೆ, ಮಾಸ್ತರು, ನೆರೆಯವರು ಯಾರೂ ಆದೀತು. ಹದಿಹರೆಯದಲ್ಲಿ ಪುಂಡರೆನಿಸಿಕೊಂಡವರಲ್ಲಿ ಹೆಚ್ಚಿನವರು ಕೂಡ ಮೂವತ್ತು ನಲವತ್ತರ ಹೊತ್ತಿಗೆ ದಾರಿಗೆ ಬಂದಿದ್ದರು. ಹದಿನೈದನೆಯ ವಯಸ್ಸಿನಲ್ಲಿ ಬರೆದ ತೀರ್ಪು ಶಾಶ್ವತವಲ್ಲವೆಂದು ಇದರ ಅರ್ಥ.

ಇಷ್ಟು ಹೇಳಿದ ಮೇಲೆ ಪ್ರೀತಿಯ ಪಕ್ಷದವರಿಗೂ ಎರಡು ಮಾತು ಹೇಳಬೇಕು. ಬೆತ್ತದವರು ಮಾಡಿದಷ್ಟೇ ಕೇಡನ್ನು ಪ್ರೀತಿಯ ಹೆಸರಿನಲ್ಲಿ ಮಾಡಬಹುದು. ‘ತಂದೆಯಿಲ್ಲದ ಕೂಸು’ ಎಂದು ಕೇಳಿದ್ದನ್ನೆಲ್ಲ ಕೊಡಿಸುವುದು, ಸಾಲ ಮಾಡಿ ಬೈಕು ತರುವುದು, ಕದ್ದರೂ ಕಾಣದಂತಿರುವುದು, ಇವು ಪ್ರೀತಿಯಲ್ಲ. ಹುಡುಗನ ದುಃಖವನ್ನು ಎದುರಿಸಲಾರದೆ ಕೊಟ್ಟ ಲಂಚ. ಲಂಚ ತೆಗೆದುಕೊಂಡವನಿಗೆ ಕೊಟ್ಟವರ ಮೇಲೆ ಗೌರವ ಹುಟ್ಟುವುದಿಲ್ಲ. ನಾನು ಹೇಳುವ ಪ್ರೀತಿ ಇದಕ್ಕಿಂತ ದುಬಾರಿ. ಏಕೆಂದರೆ ಅದಕ್ಕೆ ಬೇಕಾದದ್ದು ಸಮಯ. ಅದು ಸತ್ತವನ ಹೆಸರನ್ನು ಮನೆಯಲ್ಲಿ ಎತ್ತುತ್ತದೆ: ‘ನಿಮ್ಮಪ್ಪನಿಗೆ ಈ ಪಲ್ಯ ಇಷ್ಟವಾಗಿತ್ತು’ ಎಂದು ಊಟಕ್ಕೆ ಕೂತಾಗ ಹೇಳುತ್ತದೆ, ಹುಡುಗ ಎದ್ದು ಹೋದರೆ ಎಲೆ ಎತ್ತದೆ ಕಾಯುತ್ತದೆ. ಅದು ಕೆಲಸ ಕೊಡುತ್ತದೆ. ಮನೆಯ ಭಾರವನ್ನೆಲ್ಲ ತಲೆಯ ಮೇಲೆ ಹೇರದೆ, ಅವನು ಮಾಡಬಲ್ಲ, ಮಾಡಿದರೆ ಯಾರಿಗಾದರೂ ಉಪಯೋಗವಾಗುವ ಒಂದು ಕೆಲಸ. ಅದು ಕಟ್ಟುಪಾಡನ್ನೂ ಹಾಕುತ್ತದೆ: ಕದ್ದ ಹಣವನ್ನು ದುಡಿದು ತೀರಿಸಬೇಕು, ರಾತ್ರಿ ಒಂಬತ್ತಕ್ಕೆ ಮನೆಯಲ್ಲಿರಬೇಕು. ಆದರೆ ಕಟ್ಟುಪಾಡಿನ ಜತೆಗೆ ಅವಮಾನವನ್ನು ಸೇರಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಗ ಎರಡನೆಯ ಸಲ, ಐದನೆಯ ಸಲ ಎಡವಿದಾಗಲೂ ಅದು ಅಲ್ಲೇ ಇರುತ್ತದೆ. ಸಾವು ಅವನಿಗೆ ಕಲಿಸಿದ ಪಾಠವೊಂದೇ: ‘ನೀನು ನಂಬಿದವರು ಹೊರಟುಹೋಗುತ್ತಾರೆ.’ ಅವನ ಅರ್ಧ ಉಡಾಳತನ ಈ ಪಾಠದ ಪರೀಕ್ಷೆ. ಇವರೂ ಹೋಗುತ್ತಾರೋ ನೋಡೋಣವೆಂದು ಕಲ್ಲೆಸೆಯುತ್ತಾನೆ. ಹೋಗದೆ ನಿಂತವರು ಮಾತ್ರ ಆ ಪಾಠವನ್ನು ಅಳಿಸಬಲ್ಲರು.

‘ಕೂಲಿಗೆ ಹೋಗುವ ವಿಧವೆಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ?’ ಎಂಬ ಆಕ್ಷೇಪಣೆ ಬರುತ್ತದೆ. ಇದು ಎಲ್ಲಕ್ಕಿಂತ ಪ್ರಾಮಾಣಿಕವಾದ ಆಕ್ಷೇಪಣೆ. ಬೆಳಗ್ಗೆ ಸೋಯಾ ಕಳೆ ಕೀಳಲು ಹೋಗಿ ಸಂಜೆ ಬಂದು ರೊಟ್ಟಿ ಬಡಿಯುವವಳು ತನ್ನ ದುಃಖಕ್ಕೇ ಸಮಯ ಕೊಟ್ಟಿರುವುದಿಲ್ಲ. ಆದ್ದರಿಂದಲೇ ಈ ಕೆಲಸವನ್ನು ಅವಳೊಬ್ಬಳ ತಲೆಗೆ ಕಟ್ಟುವುದು ಕ್ರೌರ್ಯ. ಸರ್ಕಾರ ಹಣದ ದಾರಿಯನ್ನು ಸ್ವಲ್ಪ ತೆರೆದಿದೆ. ಕೋವಿಡ್ಡಿನಿಂದ ತಬ್ಬಲಿಗಳಾದ ಮಕ್ಕಳಿಗಾಗಿ ಕರ್ನಾಟಕವು 2021ರಲ್ಲಿ ಸಾರಿದ ‘ಮುಖ್ಯಮಂತ್ರಿ ಬಾಲ ಸೇವಾ’ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಗೊತ್ತಾಯಿತು. ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯ 2022ರ ನಿಯಮಗಳಂತೆ, ಕಷ್ಟದಲ್ಲಿರುವ ಮಗುವನ್ನು ಮನೆಯಲ್ಲೇ ಬೆಳೆಸಲು ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಉಂಟು. ‘ವಾತ್ಸಲ್ಯ’ ಎಂದು ಹೆಸರಿಟ್ಟವರಿಗೆ ವಿಷಯ ತಿಳಿದಿತ್ತು. ಹಣ ಬೇಕು, ಹಣ ಬಂದರೆ ಹುಡುಗ ಗ್ಯಾರೇಜಿಗೆ ಹೋಗದೆ ಶಾಲೆಯಲ್ಲಿ ಉಳಿದಾನು. ಆದರೆ ಶಾಲೆಯಲ್ಲಿ ಅವನ ಹೆಸರು ಹಿಡಿದು ಕರೆಯುವವರು ಒಬ್ಬರು ಇರಬೇಕು. ಆ ಸಾಲು ಬಜೆಟ್ಟಿನಲ್ಲಿ ಬರುವುದಿಲ್ಲ.

ಹುಡುಗಿಯರ ಮಾತನ್ನು ಇಲ್ಲಿ ಬಿಟ್ಟರೆ ಅನ್ಯಾಯವಾದೀತು. ತಂದೆ ಸತ್ತರೆ ಹುಡುಗ ಬೀದಿಗೆ ಬರುತ್ತಾನೆ. ಹಾಗಾಗಿ ಊರಿಗೆ ಕಾಣುತ್ತಾನೆ. ಹುಡುಗಿ ಒಳಗೆ ಹೋಗುತ್ತಾಳೆ; ಯಾರಿಗೂ ಕಾಣುವುದಿಲ್ಲ. ಅವಳು ಮಾತು ಬಿಟ್ಟರೆ ‘ಎಷ್ಟು ಗಂಭೀರ’ ಎಂದು ಹೊಗಳುತ್ತೇವೆ. ಊಟ ಬಿಟ್ಟರೆ ‘ವ್ರತವೇನೋ’ ಎನ್ನುತ್ತೇವೆ. ಅವಳ ದುಃಖಕ್ಕೆ ಬಂಧುಗಳು ಕಂಡುಕೊಂಡ ಔಷಧ ಮದುವೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಹದಿನೆಂಟು ಎಂದರೆ, ‘ತಂದೆಯಿಲ್ಲದ ಹುಡುಗಿ, ಜವಾಬ್ದಾರಿ ಕಳೆದುಕೊಳ್ಳೋಣ’ ಎಂಬ ಮಾತು ಹದಿನಾರಕ್ಕೇ ಚಪ್ಪರ ಹಾಕಿಸುತ್ತದೆ. ಒಬ್ಬ ತಬ್ಬಲಿಯ ಗೋಳನ್ನು ಇನ್ನೊಂದು ಮನೆಗೆ ಸಾಗಿಸಿ ಕೈತೊಳೆದುಕೊಳ್ಳುವುದಕ್ಕೆ ನಾವಿಟ್ಟ ಹೆಸರು ಕನ್ಯಾದಾನ!

ಪ್ರೀತಿಯೊಂದರಿಂದಲೇ ಎಲ್ಲವೂ ಆಗುತ್ತದೆಂದು ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ನಿದ್ದೆ ಕೆಟ್ಟವನನ್ನು, ಮೈಗೆ ಗಾಯ ಮಾಡಿಕೊಳ್ಳುವವನನ್ನು, ‘ನಾನಿದ್ದು ಏನು ಪ್ರಯೋಜನ’ ಎನ್ನುವವನನ್ನು ವೈದ್ಯರ ಬಳಿಗೆ ಕರೆದೊಯ್ಯಲೇಬೇಕು. ಅಲ್ಲಿ ಬರಿಯ ಅಕ್ಕರೆಯನ್ನು ನಂಬಿ ಕೂರುವುದು ಅಪರಾಧ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆದ ಕೇಂದ್ರಗಳಿಗೆ ಕರ್ನಾಟಕ ಇಟ್ಟ ಹೆಸರು ‘ಸ್ನೇಹ ಕ್ಲಿನಿಕ್’. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ. ಮಕ್ಕಳ ಸಹಾಯವಾಣಿ 1098. ಪರೀಕ್ಷೆಯ ವೇಳಾಪಟ್ಟಿಯನ್ನು ಅಂಟಿಸುವ ಹಲಗೆಯ ಮೇಲೆ ಈ ಎರಡು ಸಂಖ್ಯೆಗಳನ್ನೂ ಬರೆಯುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ. ಆದರೆ ಆ ಸಂಖ್ಯೆಯನ್ನು ಒತ್ತುವ ಧೈರ್ಯ ಹುಡುಗನಿಗೆ ತಾನಾಗಿ ಬರುವುದಿಲ್ಲ. ಪಕ್ಕದಲ್ಲಿ ಕೂತು ‘ಬಾ, ಇಬ್ಬರೂ ಮಾತಾಡೋಣ’ ಎನ್ನುವವರು ಬೇಕು. ಪ್ರೀತಿ ವೈದ್ಯನ ಸ್ಥಾನದಲ್ಲಿ ನಿಲ್ಲುವುದಿಲ್ಲ. ವೈದ್ಯನ ಬಾಗಿಲವರೆಗೆ ಜತೆಗೆ ನಡೆಯುತ್ತದೆ.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. ಐನೂರು ಕೋಟಿ ರೂಪಾಯಿಯ ಯೋಜನೆಯೆಂದು ಅಂದು ಸಾರಲಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಎರಡೂ ಸಂತೋಷದ ವಿಷಯವೇ. ಆದರೆ ಅನುಭವ ಮಂಟಪವೆಂಬ ಹೆಸರಿನಲ್ಲಿ ‘ಅನುಭವ’ ಎಂಬ ಮಾತು ಮೊದಲು ಬರುತ್ತದೆ, ‘ಮಂಟಪ’ ಆಮೇಲೆ. ಮಡಿವಾಳನಿಗೆ, ಅಂಬಿಗನಿಗೆ, ಸೂಳೆಯಾಗಿದ್ದವಳಿಗೆ ತಾನು ಉಂಡ ನೋವನ್ನು ತನ್ನ ಮಾತಿನಲ್ಲಿ ಹೇಳುವ ಅವಕಾಶ ಸಿಕ್ಕಿತು; ಕೇಳುವ ಹಿರಿಯರಿದ್ದರು. ಕಂಬಗಳಿಂದ ಅದು ಮಂಟಪವಾಗಲಿಲ್ಲ. ಹದಿನಾಲ್ಕರ ಹುಡುಗನಿಗೂ ಒಂದು ಅನುಭವವಿದೆ. ಅದನ್ನು ಅವನು ಮನೆಯಲ್ಲಿ ದಖ್ಖನಿಯಲ್ಲೋ ಮರಾಠಿಯಲ್ಲೋ ಲಂಬಾಣಿಯಲ್ಲೋ ಕನ್ನಡದಲ್ಲೋ ಹೇಳಿಕೊಳ್ಳಬೇಕಾದವನು. ಕೇಳುವವರಿಲ್ಲದೆ ಅದು ಗ್ಯಾರೇಜಿನ ಗೋಡೆಗೆ ಉಗುಳಿದ ಗುಟಕಾ ಆಗುತ್ತಿದೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ವಿದ್ಯಾರ್ಥಿಯ ಮನೆಯಲ್ಲಿ ಸಾವಾದರೆ, ನೆಂಟರು ಹೊರಟುಹೋದ ಮರುದಿನ, ಶಾಲೆಯಿಂದ ಒಬ್ಬ ಮಾಸ್ತರರು ಆ ಮನೆಗೆ ಹೋಗಬೇಕು. ಒಂದು ವರ್ಷದವರೆಗೆ ಆ ಮಗುವಿನ ವಿಷಯದಲ್ಲಿ ಅವರದೇ ಜವಾಬ್ದಾರಿ. ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ಮಾತನಾಡಿದರೆ ಸಾಕು, ಮಾತು ಬಾರದಿದ್ದರೆ ಜತೆಗೆ ಕೂತರೂ ಸಾಕು. ತಂದೆಯ ವರ್ಷಾಂತಿಕದ ವಾರದಲ್ಲಿ ಹುಡುಗ ಜಗಳವಾಡಿದರೆ, ಟಿ.ಸಿ. ಬರೆಯುವ ಮೊದಲು ಕ್ಯಾಲೆಂಡರು ನೋಡಬೇಕು. ಮೊದಲ ವರ್ಷ ಅವನನ್ನು ದೂರದ ಹಾಸ್ಟೆಲಿಗೆ ದಬ್ಬಬಾರದು. ಒಬ್ಬರನ್ನು ಕಳೆದುಕೊಂಡವನಿಂದ ಉಳಿದವರನ್ನೂ ಕಸಿದುಕೊಂಡಂತಾಗುತ್ತದೆ. ಸೋದರಮಾವಂದಿರು ಗದರುವ ಮುನ್ನ ಒಂದು ದಿನ ಅವನನ್ನು ಹೊಲಕ್ಕೆ ಕರೆದೊಯ್ದು ಬುತ್ತಿ ಬಿಚ್ಚಲಿ.

ಮಾಣಿಕಪ್ರಭುಗಳ ಮನೆಯಲ್ಲಿ ಮಾವನ ಗದರಿಕೆಯಿಂದ ಊರಿಗೆ ಲಾಭವೇ ಆಯಿತೆಂದು ಯಾರಾದರೂ ಚಮತ್ಕಾರವಾಗಿ ವಾದಿಸಬಹುದು. ಮನೆ ಬಿಟ್ಟ ಸಾವಿರ ಹುಡುಗರಲ್ಲಿ ಒಬ್ಬನು ಮಾಣಿಕನಾದ. ಉಳಿದವರ ಹೆಸರು ನಮಗೆ ಗೊತ್ತಿಲ್ಲ. ಅವರ ತಾಯಂದಿರಿಗೆ ಗೊತ್ತು.